ಮೇಷ್ಟ್ರು ಕಾಲು ಮಡಚುವ ದಿನ

ಆ ಊರಿನಲ್ಲಿ ಕಾರು ಓಡಿಸಬಲ್ಲವರಲ್ಲಿ ಅರ್ಧಕ್ಕರ್ಧ ಜನ ಒಬ್ಬರೇ ಮೇಷ್ಟ್ರ ಪಕ್ಕದಲ್ಲಿ ಕುಳಿತು ಕಲಿತವರು. ಅವರ ಬಿಳಿ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲ ಕೆಳಗೆ, ಇನ್ನೊಂದು ಕಲಿಸುವವರ ಕಾಲ ಕೆಳಗೆ. ಮೊದಲ ದಿನ ಮೇಷ್ಟ್ರ ಬಲಗಾಲು ಇಲಿಯ ಬಿಲದ ಮುಂದಿನ ಬೆಕ್ಕಿನ ಹಾಗೆ ತನ್ನ ಬ್ರೇಕಿನ ಮೇಲೆ ಕಾದು ಕುಳಿತಿರುತ್ತಿತ್ತು. ಐದನೇ ದಿನಕ್ಕೆ ಒಂದು ಗೇಣು ಹಿಂದೆ ಸರಿಯುತ್ತಿತ್ತು. ಆಮೇಲೆ ಎಂಟನೇ ದಿನವೋ ಹನ್ನೆರಡನೇ ದಿನವೋ, ಅದು ಕಲಿಯುವ ಆಸಾಮಿಯ ಮೇಲೆ ಹೋಗುವ ಮಾತು, ಮೇಷ್ಟ್ರು ತುಟಿ ಪಿಟಕ್ಕೆನ್ನದೆ ಚಪ್ಪಲಿ ಕಳಚಿ, ಕಾಲನ್ನೆತ್ತಿ ಸೀಟಿನ ಮೇಲೆ ಮಡಚಿಕೊಂಡು, ಕಿಟಕಿಯಾಚೆ ನೋಡತೊಡಗುತ್ತಿದ್ದರು. ಅಷ್ಟೇ. ಪರೀಕ್ಷೆ, ಲೈಸೆನ್ಸು ಎಲ್ಲ ಆಮೇಲಿನ ಕಾಗದಪತ್ರದ ವಿಷಯ. ಊರಿನಲ್ಲಿ ಯಾರಾದರೂ ಹೊಸದಾಗಿ ಕಾರು ಕಲಿಯುತ್ತಿದ್ದರೆ ಜನ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಮೇಷ್ಟ್ರು ಕಾಲು ಮಡಚಿದ್ರಾ?

ಇಪ್ಪತ್ತೆಂಟು ವರ್ಷಗಳಲ್ಲಿ ಅವರು ಕಾಲು ಮಡಚದೆ ಬಿಟ್ಟದ್ದು ಒಬ್ಬಳ ಪಾಲಿಗೆ ಮಾತ್ರ. ಅವಳು ಅವರ ಮಗಳು.

ಅದು ಆರು ವರ್ಷದ ಹಿಂದಿನ ಕಥೆ. ಅವಳು ಕ್ಲಚ್ಚಿನಿಂದ ಕಾಲು ತೆಗೆಯುವುದರೊಳಗೆ ಅಪ್ಪನ ಕಾಲು ಬ್ರೇಕಿನ ಮೇಲಿರುತ್ತಿತ್ತು. ಎದುರಿಗೆ ಸೈಕಲ್ ಬಂದರೆ ಬ್ರೇಕು, ನಾಯಿ ಬಂದರೆ ಬ್ರೇಕು, ಏನೂ ಬಾರದಿದ್ದರೆ ಇನ್ನೇನು ಬರಬಹುದು ಎಂದು ಬ್ರೇಕು. ಇಪ್ಪತ್ತೊಂದನೇ ದಿನ ನೀರಿನ ಟ್ಯಾಂಕಿನ ತಿರುವಿನಲ್ಲಿ ಕಾರು ಗಕ್ಕನೆ ನಿಂತಾಗ ಅವಳು ಇಳಿದು, ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು, ನಡೆದುಕೊಂಡೇ ಮನೆಗೆ ಬಂದಿದ್ದಳು. ಆವತ್ತಿನಿಂದ ಆ ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ, ಅಮ್ಮನನ್ನು ಬಿಟ್ಟು. ಮನೆಯ ಮುಂದಿನ ಕೋಣೆಯಲ್ಲಿ ಹೊಸಬರಿಗೆ ರಸ್ತೆ ಚಿಹ್ನೆಗಳ ಪಾಠ ಹೇಳುವವಳು ಅಮ್ಮ. ದೀಪದ ಬುಡದಲ್ಲಿ ಕತ್ತಲೆ ಅನ್ನೋದಕ್ಕೆ ಯಾವ ಚಿಹ್ನೆ ಗೊತ್ತಾ ಎಂದು ಅವರನ್ನು ಕೇಳಿ, ಅವರು ತಲೆ ಕೆರೆದುಕೊಳ್ಳುವಾಗ ಬಾಗಿಲಲ್ಲಿ ನಿಂತ ಗಂಡನ ಕಡೆ ಬೆರಳು ತೋರಿಸುತ್ತಿದ್ದಳು.

ಈಗ ಮಗಳಿಗೆ ಇಪ್ಪತ್ತಾರು. ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಕೊನೆಯ ವರ್ಷ. ಅಪ್ಪನಿಗೆ ಇದು ಎಷ್ಟು ದೊಡ್ಡ ಸಂಗತಿಯೆಂದರೆ, ಮೂರನೇ ಗೇರು ಹಾಕಲು ಒದ್ದಾಡುತ್ತಿರುವವರಿಗೂ ಅದನ್ನು ಹೇಳದೆ ಬಿಡುತ್ತಿರಲಿಲ್ಲ. ನಾನು ಬರೀ ಬಾಯಿಮಾತಿನ ಮೇಷ್ಟ್ರು, ನನ್ನ ಮಗಳು ನಿಜವಾದ ಮೇಷ್ಟ್ರು ಆಗ್ತಾಳೆ, ಕನ್ನಡಿ ನೋಡ್ಕೊಳ್ಳಿ, ಎಡಕ್ಕೆ ತಿರುಗಿಸಿ.

ನಿಜವಾದ ಮೇಷ್ಟ್ರಾಗುವ ದಾರಿ ಮಾತ್ರ ಅವಳು ಅಂದುಕೊಂಡ ಹಾಗಿರಲಿಲ್ಲ. ಕಲಿಕೆಯ ಸಿದ್ಧಾಂತಗಳೆಂದು ಮೊದಲ ಮೂರು ತಿಂಗಳು ಓದಿಸಿದ್ದು ಗಂಟೆಯ ಸದ್ದಿಗೆ ಜೊಲ್ಲು ಸುರಿಸುವ ನಾಯಿಯ ಬಗ್ಗೆ, ಗುಂಡಿ ಕುಟುಕಿ ಕಾಳು ಗಳಿಸುವ ಪಾರಿವಾಳದ ಬಗ್ಗೆ, ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ ಹಣ್ಣು ಇಳಿಸಿಕೊಂಡ ಕೋತಿಯ ಬಗ್ಗೆ. ಅಲ್ಲಿಯವರೆಗೆ ಪಾಠದೊಳಗೆ ಒಂದು ಮಗುವೂ ಕಾಲಿಡಲಿಲ್ಲ. ನಾಲ್ಕನೇ ತಿಂಗಳು ಕೊನೆಗೂ ಮಗು ಬಂತು. ಅದು ತನ್ನ ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದಂತೆ. ಗೋಡೆ ಏಳುವಾಗ ಮೇಸ್ತ್ರಿ ಸುತ್ತ ಸಾರುವೆ ಕಟ್ಟಿ, ಗೋಡೆ ಗಟ್ಟಿಯಾದ ಮೇಲೆ ಬಿಚ್ಚುತ್ತಾನಲ್ಲ, ಶಿಕ್ಷಕಿಯ ಕೆಲಸ ಅಷ್ಟೇ ಅಂತೆ. ಅವಳಿಗೆ ಈ ಮಾತು ಬಹಳ ಹಿಡಿಸಿತು. ಪರೀಕ್ಷೆಯಲ್ಲಿ ಅದರ ಬಗ್ಗೆ ನಾಲ್ಕು ಪುಟ ಬರೆದು ತರಗತಿಗೇ ಹೆಚ್ಚು ಅಂಕ ತೆಗೆದಳು. ಸಾರುವೆಯನ್ನು ಯಾವ ಘಳಿಗೆಯಲ್ಲಿ ಬಿಚ್ಚಬೇಕು ಎಂದು ಆ ನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ. ಯಾರೂ ಕೇಳಲೂ ಇಲ್ಲ.

ಆಮೇಲೆ ಅಭ್ಯಾಸ ಪಾಠಗಳು ಶುರುವಾದವು. ಹತ್ತಿರದ ಶಾಲೆಗೆ ಹೋಗಿ, ನಿಜವಾದ ಮಕ್ಕಳೆದುರು ನಿಂತು, ಮೊದಲೇ ಬರೆದ ಯೋಜನೆಯಂತೆ ನಲವತ್ತು ನಿಮಿಷ ಪಾಠ ಮಾಡಬೇಕು. ಯೋಜನೆಯ ಹಾಳೆಯಲ್ಲಿ ಐದು ಕಾಲಂ. ಬೋಧನಾಂಶ, ಶಿಕ್ಷಕರ ಚಟುವಟಿಕೆ, ಮಕ್ಕಳ ಚಟುವಟಿಕೆ, ನಿರೀಕ್ಷಿತ ಉತ್ತರ, ಮೌಲ್ಯಮಾಪನ. ಇವುಗಳಲ್ಲಿ ನಾಲ್ಕನೆಯದೇ ವಿಚಿತ್ರ. ಇನ್ನೂ ಮುಖ ನೋಡದ ಮಗು ಬರುವ ಮಂಗಳವಾರ ಹತ್ತೂಕಾಲಿಗೆ ಏನು ಹೇಳುತ್ತದೆ ಎಂದು ಭಾನುವಾರವೇ ಬರೆದಿಡಬೇಕು. ಭವಿಷ್ಯ ಹೇಳುವವರೂ ಇಷ್ಟು ಧೈರ್ಯ ಮಾಡುವುದಿಲ್ಲ.

ಅವಳ ಯೋಜನೆಗಳು ಚೆಂದ. ಅಕ್ಷರ ಮುತ್ತಿನ ಹಾಗೆ. ಒಂಬತ್ತು ಅಭ್ಯಾಸ ಪಾಠ ದಾಟಿದ ಮೇಲೆ ಹತ್ತನೆಯದು ಪರೀಕ್ಷೆಯ ಪಾಠ. ಅದಕ್ಕೆ ಹಿಂದಿನ ಬೆಂಚಿನಲ್ಲಿ ಬಂದು ಕೂತವರು ಹಸಿರು ಶಾಯಿ ಮೇಡಂ. ಕೆಂಪು ಶಾಯಿ ಕಂಡರೆ ಹೊಸ ಶಿಕ್ಷಕರು ಹೆದರುತ್ತಾರೆಂದು ಅವರು ಹಸಿರಿನಲ್ಲಿ ಬರೆಯುತ್ತಿದ್ದರು. ಈಗ ಇಡೀ ಕಾಲೇಜು ಹಸಿರು ಕಂಡರೆ ಹೆದರುತ್ತಿತ್ತು.

ಆರನೇ ತರಗತಿ, ಬಿ ವಿಭಾಗ. ಅವಳು ಕೇಳಿದ್ದು ಸುಲಭದ ಪ್ರಶ್ನೆ: ನಾಲ್ಕೂ ಬಾಹುಗಳು ಸಮವಾಗಿರುವ ಆಕೃತಿ ಯಾವುದು? ಮೂರನೇ ಬೆಂಚಿನಲ್ಲಿ, ಮೊಣಕೈಗೆ ಪಟ್ಟಿ ಅಂಟಿಸಿಕೊಂಡಿದ್ದ ಹುಡುಗಿಯೊಬ್ಬಳು ಎದ್ದು ನಿಂತು "ವಜ್ರಾಕೃತಿ" ಅಂದಳು. ಮೇಷ್ಟ್ರ ಮಗಳು ಕೈಯಲ್ಲಿದ್ದ ಹಾಳೆ ನೋಡಿದಳು. ಅಲ್ಲಿ ಮುತ್ತಿನಂಥ ಅಕ್ಷರದಲ್ಲಿ 'ವರ್ಗ' ಎಂದಿತ್ತು.

"ತಪ್ಪು. ಕೂತ್ಕೋ. ಬೇರೆ ಯಾರು ಹೇಳ್ತೀರಿ?"

ಹುಡುಗಿ ಕೂಡಲೇ ಕೂರಲಿಲ್ಲ. ಅಂಗೈ ಮೇಲೆ ಬೆರಳಿನಿಂದ ಏನೋ ಗೀಚಿ, ಅದನ್ನೊಮ್ಮೆ ನೋಡಿ, ಟೀಚರನ್ನೊಮ್ಮೆ ನೋಡಿ, ಆಮೇಲೆ ಕೂತಳು. ಆ ತಾಸಿನಲ್ಲಿ ಅವಳ ಕೈ ಮತ್ತೆ ಮೇಲೇಳಲಿಲ್ಲ.

ಮೇಷ್ಟ್ರ ಮಗಳಿಗೆ ವಜ್ರಾಕೃತಿ ಗೊತ್ತಿರಲಿಲ್ಲ ಎಂದೇನಲ್ಲ. ಅದರ ನಾಲ್ಕು ಬಾಹುಗಳು ಸಮ ಎಂದು ತಾನೇ ಹತ್ತಾರು ಮಕ್ಕಳಿಗೆ ಹೇಳಿಕೊಟ್ಟಿದ್ದಳು. ಆದರೆ ಆ ಘಳಿಗೆಯಲ್ಲಿ ಸರಿ ಎನ್ನುವುದು ಲೋಕದಲ್ಲಿ ಬೇರೆಲ್ಲೂ ಇರಲಿಲ್ಲ, ನಾಲ್ಕನೇ ಕಾಲಮ್ಮಿನಲ್ಲಿ ಮಾತ್ರ ಇತ್ತು. ಮೇಡಂ ಹಾಳೆಯ ಕೆಳಗೆ ಬರೆದರು: 'ಹುಡುಗಿ ಸರಿಯಾಗಿ ಹೇಳಿದಳು. ನೀವು ಪಾಠ ಮಾಡಿದ್ದು ನಿಮ್ಮ ಹಾಳೆಗೆ. ಅನುತ್ತೀರ್ಣ. ಇನ್ನೊಂದು ಅವಕಾಶವಿದೆ.'

ಇನ್ನೊಂದೇ ಅವಕಾಶ. ಅದರಲ್ಲೂ ಬಿದ್ದರೆ ಇಡೀ ಕೋರ್ಸನ್ನೇ ಮತ್ತೆ ಮಾಡಬೇಕು, ನಾಯಿ ಪಾರಿವಾಳಗಳಿಂದ ಹಿಡಿದು. ಅವಳು ಕಾಲೇಜಿನ ಕಚೇರಿಗೆ ಹೋಗಿ, ಎರಡನೇ ಪಾಠಕ್ಕೆ ದಯವಿಟ್ಟು ಎ ವಿಭಾಗ ಕೊಡಿ ಎಂದು ಬರೆದುಕೊಟ್ಟಳು. ಕಾರಣದ ಜಾಗದಲ್ಲಿ 'ವೇಳಾಪಟ್ಟಿಯ ಅನುಕೂಲ' ಎಂದು ಬರೆದಳು. ಮೂರನೇ ಬೆಂಚಿನ ಆ ಮುಖವನ್ನು ಮತ್ತೆ ನೋಡುವ ಧೈರ್ಯ ಇಲ್ಲ ಎಂದು ಬರೆಯಲು ಆ ಅರ್ಜಿಯಲ್ಲಿ ಜಾಗ ಇರಲಿಲ್ಲ.

ಶನಿವಾರ ಮಧ್ಯಾಹ್ನ ಮುಂದಿನ ಕೋಣೆಯಲ್ಲಿ ತಾಲೀಮು ನಡೆಯಿತು. ಪಾಠ ಸುತ್ತಳತೆ. ರಸ್ತೆ ಚಿಹ್ನೆಗಳ ದೊಡ್ಡ ಪಟದ ಕೆಳಗೆ, ಹೊಸಬರು ಕೂರುವ ಬೆಂಚಿನ ಮೇಲೆ ಅಪ್ಪ ಅಮ್ಮ ಇಬ್ಬರೂ ಮಕ್ಕಳಾಗಿ ಕುಳಿತರು. ಅಪ್ಪ ಕೈಕಟ್ಟಿ ನೆಟ್ಟಗೆ ಕೂತ. ಅಮ್ಮ ಹಿಂದಿನ ಬೆಂಚಿನ ಪೋಲಿ ಹುಡುಗಿಯ ಪಾತ್ರ ವಹಿಸಿಕೊಂಡು, ಆಗಾಗ ಗಂಡನ ಪಕ್ಕೆಗೆ ಪೆನ್ನಿನಿಂದ ತಿವಿಯುತ್ತಿದ್ದಳು.

ತೋಟದ ಸುತ್ತ ಬೇಲಿ ಹಾಕಬೇಕಾದರೆ ಮೊದಲು ಏನು ತಿಳಿದಿರಬೇಕು ಎಂದು ಮಗಳು ಕೇಳಿದಳು. ದನ ಯಾವ ಕಡೆಯಿಂದ ನುಗ್ಗತ್ತೆ ಅಂತ, ಎಂದ ಅಪ್ಪ. ಅಮ್ಮ ನಕ್ಕು ಬೆಂಚಿನಿಂದ ಜಾರಿದಳು. ಮಗಳು ಹಲ್ಲು ಕಡಿದು ಮುಂದಕ್ಕೆ ಹೋದಳು. ಗಂಟು ಹಾಕಿದ ದಾರದ ಕುಣಿಕೆಯೊಂದನ್ನು ಬೆರಳುಗಳಲ್ಲಿ ಎಳೆದು ಆಯತ ಮಾಡಿ ತೋರಿಸಿದಳು. ಅಪ್ಪನಿಗೆ ದಾರ ಇಷ್ಟವಾಯಿತು. ಮುಂದಕ್ಕೆ ಬಾಗಿ, ಹುಬ್ಬು ಗಂಟಿಕ್ಕಿ, ತನಗೆ ತಾನೇ ಹೇಳಿಕೊಳ್ಳುವವನಂತೆ ಕೇಳಿದ:

"ದಾರ ಅಷ್ಟೇ ಉದ್ದ ಇದ್ರೆ, ಹೆಂಗೆ ಎಳೆದ್ರೂ ಒಳಗಿನ ಜಾಗಾನೂ ಅಷ್ಟೇ ಇರ್ಬೇಕಲ್ವಾ?"

"ಇಲ್ಲಪ್ಪ, ಬೇರೆ ಬೇರೆ ಆಗತ್ತೆ. ಅದು ವಿಸ್ತೀರ್ಣ, ಮುಂದಿನ ಪಾಠ. ಈಗ ಸುತ್ತಳತೆ ಅಷ್ಟೇ."

ಅಪ್ಪ ಹಿಂದಕ್ಕೆ ಒರಗಿದ. "ನಾನಿನ್ನೂ ಗೇರೇ ಹಾಕಿರ್ಲಿಲ್ಲ, ಮಗಳೇ. ನೀನು ಬ್ರೇಕ್ ಒತ್ತಿಬಿಟ್ಟೆ."

ಆರು ವರ್ಷದಿಂದ ಎತ್ತದ ಮಾತು ಆಗ ಎದ್ದಿತು. ಬ್ರೇಕಿನ ವಿಷಯ ನೀನು ಮಾತಾಡ್ತೀಯಾ ಎಂದು ಮಗಳು ಕೇಳಿದಳು. ಊರಿನ ಎಲ್ಲರ ಪಕ್ಕದಲ್ಲೂ ಕಾಲು ಮಡಚಿ ಕೂತೆ, ಪೋಸ್ಟ್ ಆಫೀಸಿನ ಆ ಸೋಡಾಬುಡ್ಡಿ ಕನ್ನಡಕದ ಮುದುಕರ ಪಕ್ಕದಲ್ಲೂ ಕೂತೆ, ನನ್ನ ಪಕ್ಕದಲ್ಲಿ ಮಾತ್ರ ಆಗ್ಲಿಲ್ಲ. ನನ್ನ ಕಾಲಿನ ಮೇಲೆ ನಿನಗೆ ಅಷ್ಟೂ ನಂಬಿಕೆ ಇರ್ಲಿಲ್ವಾ?

ಅಮ್ಮ ತಿವಿಯುವುದನ್ನು ನಿಲ್ಲಿಸಿದಳು. ಅಪ್ಪ ತಿರುಗಿ, ತಲೆಯೆತ್ತಿ ಪಟದ ಮೇಲಿನ ಚಿಹ್ನೆಗಳನ್ನು ನೋಡಿದ. ಅಲ್ಲಿ ಎಲ್ಲದಕ್ಕೂ ಚಿಹ್ನೆ ಇತ್ತು, ಇದಕ್ಕೊಂದು ಇರಲಿಲ್ಲ.

"ಬೇರೆಯವರ ಮಕ್ಕಳು ತಪ್ಪು ಮಾಡಿದ್ರೆ ನಂಗೆ ಮುಂದಿನ ರಸ್ತೆ ಕಾಣ್ಸತ್ತೆ," ಎಂದ. "ನೀನು ಮಾಡಿದ್ರೆ ಆಸ್ಪತ್ರೆ ಕಾಣ್ಸತ್ತೆ. ಅದು ನನ್ನ ಕಣ್ಣಿನ ದೋಷ, ನಿನ್ನ ಕಾಲಿಂದಲ್ಲ."

ಅವಳ ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತು. ಕೊನೆಗೆ ಅವಳು ಕೇಳಿದ್ದು ಬೇರೆಯೇ. ಯಾವಾಗ ಕಾಲು ಮಡಚಬೇಕು ಅಂತ ನಿನಗೆ ಹೇಗೆ ಗೊತ್ತಾಗತ್ತೆ?

"ಗೊತ್ತಾಗಲ್ಲ. ಮಡಚಿದ ಮೇಲೂ ನನ್ನ ಹೆಬ್ಬೆರಳು ಸೀಟನ್ನ ಒತ್ತುತ್ತಾನೇ ಇರತ್ತೆ. ಅದು ಅವರಿಗೆ ಕಾಣ್ಬಾರ್ದು ಅಂತಾನೇ ಮಡಚೋದು."

ಇಪ್ಪತ್ತೆಂಟು ವರ್ಷದಲ್ಲಿ ಅಮ್ಮನೂ ಈ ಮಾತನ್ನು ಕೇಳಿರಲಿಲ್ಲ. ಅಯ್ಯೋ ಕಳ್ಳ, ಎಂದಳು ಮೆಲ್ಲಗೆ, ಎಷ್ಟು ಪ್ರೀತಿಯಿಂದ ಎಂದರೆ ಅಪ್ಪ ನಾಚಿ ಟೀ ಮಾಡಲು ಎದ್ದು ಹೋದ.

ಮಂಗಳವಾರ ಬೆಳಿಗ್ಗೆ ಅವಳು ಶಾಲೆ ಮುಟ್ಟಿದಾಗ ಎ ವಿಭಾಗದ ಕೋಣೆ ಖಾಲಿಯಾಗಿತ್ತು. ಕಣ್ಣಿನ ತಪಾಸಣೆಗೆಂದು ಮಕ್ಕಳನ್ನೆಲ್ಲ ಸಾಲಾಗಿ ಆಸ್ಪತ್ರೆಗೆ ಕರೆದೊಯ್ದಿದ್ದರು. ಮುಖ್ಯೋಪಾಧ್ಯಾಯರು ವಾರದ ಪಟ್ಟಿ ನೋಡಿ, ತೊಂದರೆಯಿಲ್ಲ, ಬಿ ವಿಭಾಗದವರು ಇದ್ದಾರೆ, ಪಾಪ ಒಳ್ಳೆ ಮಕ್ಕಳು, ಎಷ್ಟು ಜನ ಬಂದು ಪಾಠ ಮಾಡಿದರೂ ಬೇಡ ಅನ್ನಲ್ಲ ಎಂದರು. ಹಸಿರು ಶಾಯಿ ಮೇಡಂ ಆಗಲೇ ಪೆನ್ನಿನ ಕ್ಯಾಪು ತೆಗೆದು ಅತ್ತ ನಡೆದಿದ್ದರು. ಅವಳು ಚೀಲ ಹೆಗಲಿಗೇರಿಸಿ ಅವರ ಹಿಂದೆ ನಡೆದಳು.

ಎಷ್ಟು ಜನ ಬಂದರೂ ಎಂಬ ಮಾತಿನ ಅರ್ಥ ಎರಡು ನಿಮಿಷದಲ್ಲೇ ತಿಳಿಯಿತು. ಕಳೆದ ಮೂರು ವಾರದಲ್ಲಿ ನಾಲ್ವರು ಪ್ರಶಿಕ್ಷಣಾರ್ಥಿಗಳು ಇದೇ ಮಕ್ಕಳಿಗೆ ಇದೇ ಸುತ್ತಳತೆಯ ಪಾಠ ಮಾಡಿ ಹೋಗಿದ್ದರು. ಎಲ್ಲರ ಯೋಜನೆಯೂ ಒಂದೇ ಮಾದರಿಯದು, ಹಳೆಯ ಬ್ಯಾಚಿನಿಂದ ಕೈಯಿಂದ ಕೈಗೆ ಬಂದದ್ದು. ಅವಳು "ತೋಟದ ಸುತ್ತ ಬೇಲಿ" ಎನ್ನುವಷ್ಟರಲ್ಲಿ ನಲವತ್ತು ಬಾಯಿಗಳು ಒಟ್ಟಿಗೆ "ಸುತ್ತಳತೆ" ಎಂದವು. ಮುಂದಿನ ಬೆಂಚಿನ ಹುಡುಗ, ಮುಖದಲ್ಲಿ ನಿವೃತ್ತ ಗುಮಾಸ್ತನ ಗಾಂಭೀರ್ಯ ಹೊತ್ತವನು, ತಗ್ಗಿದ ದನಿಯಲ್ಲಿ ಸಹಾಯಕ್ಕೆ ಬಂದ: "ಮಿಸ್, ಈಗ ನೀವು ಬೋರ್ಡಿನ ಮೇಲೆ ಹೆಡ್ಡಿಂಗ್ ಬರೀಬೇಕು. ದಿನಾಂಕ ಬಲಗಡೆ."

ಅವಳು ಬರೆದಳು. ಕೇಳಿದಳು. ಅವರು ಹೇಳಿದರು. ಕೇಳಿದ್ದಕ್ಕೆಲ್ಲ ನಾಲ್ಕನೇ ಕಾಲಮ್ಮಿನ ಉತ್ತರ ಅಕ್ಷರ ತಪ್ಪದೆ ಬರುತ್ತಿತ್ತು. ಆಯತದ ಸುತ್ತಳತೆ, ವರ್ಗದ ಸುತ್ತಳತೆ, ಸೂತ್ರ, ಉದಾಹರಣೆ. ಆರು ನಿಮಿಷಕ್ಕೆ ಮೂರು ಪುಟ ಮುಗಿದವು. ಆಗ ಅವಳಿಗೆ ಹೊಳೆಯಿತು: ಹೀಗೇ ಹೋದರೆ ಸಾಕು. ಒಂದು ತಪ್ಪೂ ಆಗುವುದಿಲ್ಲ. ಅವಳಿಗಿಂತ ಮೊದಲು ಇಲ್ಲಿ ಪಾಠ ಮಾಡಿದ ಗೆಳತಿ, ಬಣ್ಣದ ಚಾರ್ಟುಗಳಿಗೆ ಹೆಸರಾದವಳು, ಈ ಗಿಣಿಪಾಠದ ಮೇಲೇ ತೇಲಿ ದಡ ಸೇರಿದ್ದಳು. ಉತ್ತೀರ್ಣವಾಗುವುದು ಅಂಗೈ ಮೇಲಿನ ನೆಲ್ಲಿಕಾಯಿ. ಅಪ್ಪ ನಾಳೆಯಿಂದ ಗೇರು ಹಾಕುವವರಿಗೆಲ್ಲ ಹೇಳಿಕೊಂಡು ತಿರುಗಬಹುದು.

ಮೇಲೆದ್ದ ಕೈಗಳನ್ನು ಅವಳು ನೋಡಿದಳು. ಗಾಳಿಗೆ ನಿಂತ ಪೈರಿನ ಹಾಗೆ ಅಷ್ಟೂ ಕೈಗಳು, ಮೂರನೇ ಬೆಂಚಿನಲ್ಲಿ ಒಂದನ್ನು ಬಿಟ್ಟು. ಮೊಣಕೈಯ ಪಟ್ಟಿ ಹೋಗಿತ್ತು. ಅಲ್ಲೊಂದು ತಿಳಿ ಗುಲಾಬಿ ಕಲೆ ಇತ್ತು. ಹುಡುಗಿ ಡೆಸ್ಕಿನ ಮೇಲಿನ ಗೆರೆಗಳನ್ನು ಉಗುರಿನಿಂದ ತೀಡುತ್ತಾ, ಇದು ತನಗೆ ಸಂಬಂಧಪಟ್ಟ ವ್ಯವಹಾರವಲ್ಲ ಎಂಬಂತೆ ಕೂತಿದ್ದಳು.

ಮೇಷ್ಟ್ರ ಮಗಳು ಯೋಜನೆಯ ಹಾಳೆಯನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟಳು.

"ಒಂದು ಪ್ರಶ್ನೆ. ಶನಿವಾರ ನನ್ನ ಹತ್ರ ಪಾಠ ಕೇಳೋ ಒಬ್ರು ಕೇಳಿದ್ದು. ದಾರ ಅಷ್ಟೇ ಉದ್ದ ಇದ್ರೆ, ಹೆಂಗೆ ಎಳೆದ್ರೂ ಒಳಗಿನ ಜಾಗಾನೂ ಅಷ್ಟೇ ಇರತ್ತಾ?"

ನಲವತ್ತು ಬಾಯಿಗಳು ಹೌದು ಎಂದವು. ಅವಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಕೊನೆಯ ಐದು ನಿಮಿಷದ ಅಳತೆಯ ಕೆಲಸಕ್ಕೆಂದು ಇಪ್ಪತ್ತನಾಲ್ಕು ಸೆಂಟಿಮೀಟರ್ ಸುತ್ತಿನ ಎಂಟು ಕುಣಿಕೆಗಳನ್ನು ತಂದಿದ್ದಳು. ಐದೈದು ಮಕ್ಕಳಿಗೆ ಒಂದರಂತೆ ಅವನ್ನು ಹಂಚಿ, ಲೆಕ್ಕದ ಚೌಕುಳಿ ಪುಸ್ತಕ ತೆಗೆದು ಅದರ ಮೇಲೆ ಬೇಕಾದ ಹಾಗೆ ಎಳೆದು, ಒಳಗೆ ಎಷ್ಟು ಮನೆ ಸಿಕ್ಕವು ಎಣಿಸಿ ಎಂದಳು. ಗುಮಾಸ್ತ ಹುಡುಗನಿಗೆ ಆಘಾತವಾಯಿತು. ಮಿಸ್, ಇದು ಈ ಪಾಠದಲ್ಲಿ ಬರಲ್ಲ, ಎಂದು ಎಚ್ಚರಿಸಿದ. ಅವನ ತಂಡದವರು ಆಗಲೇ ದಾರವನ್ನು ಅವನ ಬೆರಳಿಗೆ ಸಿಕ್ಕಿಸಿದ್ದರು.

ಕೋಣೆ ಸಂತೆಯಾಯಿತು. ಕಿಟಕಿಯ ಬಳಿಯವರು ಮೂವತ್ತಾರು ಎಂದರು. ಅವರ ಹಿಂದಿನವರಿಗೆ ಇಪ್ಪತ್ತೇ ಸಿಕ್ಕಿತ್ತು. ನಿಮ್ಮ ದಾರ ಗಿಡ್ಡ, ನಮ್ಮದು ತಗೊಳ್ಳಿ ಎಂದು ಬದಲಾಯಿಸಿಕೊಂಡರು. ಆದರೂ ಇಪ್ಪತ್ತು. ನಿನಗೆ ಎಣಿಸೋಕೆ ಬರಲ್ಲ, ನಿಮ್ಮಪ್ಪನಿಗೆ ಬರಲ್ಲ ಎಂಬಲ್ಲಿಗೆ ಹೋಯಿತು. ಮತ್ತೊಂದು ತಂಡ ಮೂವತ್ತೆರಡು ಎಂದು ನಡುವೆ ಬಂದು ಎರಡೂ ಕಡೆಯವರಿಂದ ಬೈಸಿಕೊಂಡಿತು. ಹಿಂದಿನ ಬೆಂಚಿನಲ್ಲಿ ಮೇಡಂ ಗಡಿಯಾರ ನೋಡಿದರು, ಏನನ್ನೋ ಬರೆದರು, ಮತ್ತೆ ಗಡಿಯಾರ ನೋಡಿದರು.

ಒಂದು ವಾಕ್ಯ ಹೇಳಿದ್ದರೆ ಗದ್ದಲ ನಿಲ್ಲುತ್ತಿತ್ತು. ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು, ಅದನ್ನು ನಾಲ್ಕು ಪುಟ ಬರೆಯಬಲ್ಲವಳು ಅವಳು. ಎರಡು ನಿಮಿಷ. ಮೂರು. ಬಲಗಾಲು ಚಪ್ಪಲಿಯೊಳಗೆ ನೆಲವನ್ನು ಬಲವಾಗಿ ಒತ್ತುತ್ತಿರುವುದು ಅವಳ ಗಮನಕ್ಕೆ ಬಂದಾಗ ನಗು ಬಂತು, ಭಯವೂ ಆಯಿತು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಮುಷ್ಟಿಯೊಳಗೆ ಸೀಮೆಸುಣ್ಣ ಎರಡಾಯಿತು, ನಾಲ್ಕಾಯಿತು. ಮಕ್ಕಳಿಗೆ ಕಂಡದ್ದು ಗೋಡೆಗೊರಗಿ ಆರಾಮವಾಗಿ ನಿಂತ ಟೀಚರ್ ಮಾತ್ರ.

ಏಳನೇ ನಿಮಿಷವಿರಬೇಕು, ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು. ಕೈಯೆತ್ತಲಿಲ್ಲ. ಕೈಗಳೆರಡೂ ದಾರದಲ್ಲಿದ್ದವು.

"ಮಿಸ್, ತಪ್ಪಾದ್ರೂ ಪರವಾಗಿಲ್ವಾ?"

"ಪರವಾಗಿಲ್ಲ."

ಹುಡುಗಿ ಎರಡೂ ಕೈಗಳ ಹೆಬ್ಬೆರಳು ತೋರುಬೆರಳುಗಳನ್ನು ಕುಣಿಕೆಯೊಳಗೆ ಹಾಕಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. ಮೊದಲು ಅದೊಂದು ವರ್ಗವಾಗಿತ್ತು. ಅವಳು ಅದನ್ನು ಓರೆಯಾಗಿಸಿದಳು. ಗದ್ದಲ ಒಂದೊಂದೇ ಬೆಂಚಿನಿಂದ ಇಳಿಯಿತು.

"ಇದು ವಜ್ರಾಕೃತಿ," ಎಂದಳು, ಟೀಚರ್ ಕಡೆ ನೋಡದೆ. "ನಾಲ್ಕೂ ಬಾಹು ಸಮ. ಈಗ ಒತ್ತುತಾ ಹೋಗ್ತೀನಿ. ನೋಡಿ, ಸಣ್ಣ ಆಯ್ತು. ಇನ್ನೂ ಸಣ್ಣ ಆಯ್ತು."

ವಜ್ರಾಕೃತಿ ಸೊರಗುತ್ತಾ ಸೊರಗುತ್ತಾ ಬಂದು, ಕೊನೆಗೆ ಎರಡು ದಾರಗಳು ಒಂದಕ್ಕೊಂದು ಅಂಟಿ ಒಂದೇ ಗೆರೆಯಾಗಿ ನಿಂತವು.

"ದಾರ ಅಷ್ಟೇ ಇದೆ. ಒಳಗೆ ಏನೂ ಇಲ್ಲ. ಅದಕ್ಕೇ ಅವರಿಗೆ ಇಪ್ಪತ್ತು ಬಂತು. ಅವರು ಜಾಸ್ತಿ ಚಪ್ಪಟೆ ಮಾಡಿದಾರೆ, ಎಣಿಸಿದ್ದು ಸರಿ ಇದೆ."

ನಲವತ್ತು ಮಕ್ಕಳ ಕೋಣೆಯಲ್ಲಿ ಗದರಿಸದೆ ಬರುವ ಮೌನ ಬಹಳ ಅಪರೂಪ. ಅದನ್ನು ಅವಳು ಕೆಡಿಸಲಿಲ್ಲ. ಮೂವತ್ತಾರರವರು ತಮ್ಮ ದಾರ ನೋಡಿಕೊಂಡರು. ಇಪ್ಪತ್ತರವರು ಎದೆಯುಬ್ಬಿಸಿದರು. ಆಮೇಲೆ ಅವಳು ಗೋಡೆ ಬಿಟ್ಟು ಮುಂದೆ ಬಂದಳು. ಹೇಳಬೇಕಾದ ಮಾತು ಪರೀಕ್ಷಕರ ಮುಂದೆ ಯಾವ ಪ್ರಶಿಕ್ಷಣಾರ್ಥಿಯೂ ಹೇಳುವಂಥದ್ದಲ್ಲ, ಆದರೆ ಅದನ್ನು ಮುಂದೂಡಲು ಇನ್ನೊಂದು ದಿನ ಅವಳ ಬಳಿ ಇರಲಿಲ್ಲ.

"ಹೋದ ಸಲ ನೀನು ವಜ್ರಾಕೃತಿ ಅಂದಿದ್ದೆ. ಅದು ಸರಿಯಾಗಿತ್ತು. ತಪ್ಪು ಹೇಳಿದ್ದು ನಾನು."

"ಗೊತ್ತು ಮಿಸ್," ಎಂದಳು ಹುಡುಗಿ, ಸಮಾಧಾನ ಮಾಡುವವಳ ಹಾಗೆ. "ಮನೆಗೆ ಹೋಗಿ ಪುಸ್ತಕದಲ್ಲಿ ನೋಡ್ದೆ."

ಹಿಂದಿನ ಬೆಂಚಿನಲ್ಲಿ ಹಸಿರು ಶಾಯಿ ಮೇಡಂ ಕೆಮ್ಮಿದರು. ಅದು ಕೆಮ್ಮೋ ನಗುವೋ ತಿಳಿಯಲಿಲ್ಲ.

ಗಂಟೆ ಬಾರಿಸುವ ಹೊತ್ತಿಗೆ ಹೆಚ್ಚು ಮನೆ ಹಿಡಿಯುವುದು ವರ್ಗವೇ ಎಂದು ಎಂಟೂ ತಂಡಗಳು ಒಪ್ಪಿದ್ದವು. ಮಕ್ಕಳು ಪುಸ್ತಕ ಮಡಚುತ್ತಿದ್ದರು. ಆಗ ಗುಮಾಸ್ತ ಹುಡುಗ, ಅಷ್ಟು ಹೊತ್ತು ದಾರವನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ಒಳಗಿನಿಂದ ಹೊರಕ್ಕೆ ತಳ್ಳುತ್ತಿದ್ದವನು, ತಲೆಯೆತ್ತಿದ. ಮೂಲೆಗಳೇ ಇಲ್ಲದ ಹಾಗೆ ಗುಂಡಗೆ ಮಾಡಿದರೆ ವರ್ಗಕ್ಕಿಂತ ಜಾಸ್ತಿ ಹಿಡಿಯತ್ತಾ ಎಂದು ಕೇಳಿದ. ಉತ್ತರಕ್ಕಾಗಿ ಪೆನ್ಸಿಲ್ ಹಿಡಿದು ಕಾದ. ಅರ್ಧಂಬರ್ಧ ಮನೆಗಳನ್ನ ಹೇಗೆ ಎಣಿಸ್ತೀಯೋ ನೀನೇ ಯೋಚ್ನೆ ಮಾಡು ಎಂದು ಅವಳು ಆ ಕುಣಿಕೆಯನ್ನು ಅವನ ಕೈಯಲ್ಲೇ ಬಿಟ್ಟಳು. ಅವನ ಮುಖದಲ್ಲಿ ಅನ್ಯಾಯಕ್ಕೊಳಗಾದವನ ಭಾವ ಬಂತು. ಆದರೂ ಹೊರಗೆ ಹೋಗುವಾಗ ದಾರವನ್ನು ಜೇಬಿಗೆ ಹಾಕಿಕೊಂಡ.

ಮೇಡಂ ಮೊಗಸಾಲೆಯಲ್ಲಿ ಕಿಟಕಿಯ ದಂಡೆಯ ಮೇಲೆ ಹಾಳೆಯಿಟ್ಟುಕೊಂಡು ನಿಂತೇ ಬರೆದರು. ಅವಳು ಪಕ್ಕದಲ್ಲಿ ಕಾದಳು. ಬರೆದದ್ದು ಹೀಗಿತ್ತು: 'ಮೂರನೇ ಪುಟದ ನಂತರ ಪಾಠವು ಯೋಜನೆಯನ್ನು ಬಿಟ್ಟು ಹೋಯಿತು. ಕಾರಣ: ಮಕ್ಕಳು. ಉತ್ತೀರ್ಣ.' ಅವಳು ಅದನ್ನು ಮೂರು ಸಲ ಓದಿದಳು. ಮೇಡಂ ಪೆನ್ನಿನ ಕ್ಯಾಪು ಹಾಕುತ್ತಾ, ಯೋಜನೆಯ ಕೊನೆಯ ಪುಟಗಳನ್ನು ಇವತ್ತೇ ತಿದ್ದಿ ಬರೆಯಬೇಕೆಂದರು. ನಿರೀಕ್ಷಿತ ಉತ್ತರವನ್ನು ಹೊಡೆದು ಹಾಕಿ, ಮಕ್ಕಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ, ನಿಮ್ಮ ದಾರ ಗಿಡ್ಡ ಅನ್ನೋದನ್ನೂ ಸೇರಿಸಿ. ಮುಂದಿನ ಬ್ಯಾಚಿನವರು ಬೇಲಿಯ ಪ್ರಶ್ನೆಯ ಬದಲು ಇದನ್ನು ನಕಲು ಮಾಡಲಿ, ಅಷ್ಟಾದರೂ ಸುಧಾರಣೆ. ಎರಡು ಹೆಜ್ಜೆ ಹೋದವರು ತಿರುಗಿ ನಿಂತರು.

"ಬೆನ್ನು ಒರೆಸ್ಕೊಳ್ಳಿ. ಪೂರ್ತಿ ಸೀಮೆಸುಣ್ಣ. ನಂಗೆ ಅಲ್ಲಿಂದ ಕಾಣ್ಸದಿದ್ರೂ ಗೊತ್ತಾಯ್ತು, ಕೈಯಲ್ಲಿ ಏನೋ ಪುಡಿ ಆಗ್ತಾ ಇದೆ ಅಂತ."

ಬಿಳಿ ಕಾರು ಶಾಲೆಯ ಗೇಟಿನೆದುರು ನಿಂತಿತ್ತು. ಬೆಳಗಿನ ಎರಡು ಪಾಠಗಳನ್ನು ಅಪ್ಪ ರದ್ದು ಮಾಡಿದ್ದ. ಜ್ವರ ಬಂದಾಗಲೂ ಹಾಗೆ ಮಾಡಿದವನಲ್ಲ. ಏನಾಯಿತೆಂದು ಅವನು ಕೇಳಲಿಲ್ಲ, ಮಗಳ ನಡಿಗೆಯಲ್ಲೇ ಅದು ಇತ್ತು. ಅವಳು ಪಕ್ಕದ ಸೀಟಿನಲ್ಲಿ ಕೂತು ಹಸಿರು ಅಕ್ಷರಗಳನ್ನು ತೋರಿಸಿದಳು. ಅಪ್ಪ ಕನ್ನಡಕ ಹಾಕಿಕೊಂಡು, ಕಾರಣ ಮಕ್ಕಳು ಎಂಬ ಎರಡು ಪದಗಳನ್ನು ಬೆರಳಿಟ್ಟು ಗಟ್ಟಿಯಾಗಿ ಓದಿದ. ಆಮೇಲೆ ದಾರ ಕೊಡು ಎಂದ. ಸ್ಟೀರಿಂಗಿಗೆ ಮೊಣಕೈ ಒತ್ತಿ, ಗ್ರೀಸು ಹಿಡಿದ ಹೆಬ್ಬೆರಳು ತೋರುಬೆರಳುಗಳಲ್ಲಿ ಕುಣಿಕೆಯನ್ನು ಎತ್ತಿ ಹಿಡಿದು, ಮಗಳು ಹೇಳಿದಂತೆ ವಜ್ರಾಕೃತಿ ಮಾಡಿ ಒತ್ತುತ್ತಾ ಹೋದ. ಒಳಗಿನ ಜಾಗ ಪೂರ್ತಿ ಮಾಯವಾದಾಗ ಹುಬ್ಬು ಮೇಲೇರಿತು.

"ಹಂಗಾದ್ರೆ ನಾನು ಹೇಳಿದ್ದು ತಪ್ಪು," ಎಂದ, ಬಹುಮಾನ ಗೆದ್ದವನ ಹಾಗೆ. "ಕ್ಲಾಸಲ್ಲಿ ನನ್ನ ಪ್ರಶ್ನೇನೇ ಕೇಳಿದ್ಯಾ? ಹೆಸರು ಹೇಳಿದ್ಯಾ?"

ನನ್ನ ಹತ್ರ ಪಾಠ ಕೇಳೋ ಒಬ್ರು ಅಂತ ಹೇಳಿದೆ ಎಂದಳು ಮಗಳು. ಅಪ್ಪ ಅದನ್ನು ಸ್ವಲ್ಪ ಹೊತ್ತು ಬಾಯಲ್ಲಿ ಆಡಿಸಿದ. ಸರಿ, ನಾಳೆಯಿಂದ ಎಲ್ಲರಿಗೂ ಹಾಗೇ ಹೇಳ್ತೀನಿ, ನಾನು ನನ್ನ ಮಗಳ ವಿದ್ಯಾರ್ಥಿ ಅಂತ.

ಆಮೇಲೆ ಅವನು ಬಾಗಿಲು ತೆಗೆದು ಇಳಿದ. ಕಾರಿನ ಮುಂದಿನಿಂದ ಸುತ್ತು ಹಾಕಿ ಈ ಕಡೆಗೆ ಬಂದು, ಅವಳು ಕೂತಿದ್ದ ಬದಿಯ ಬಾಗಿಲು ತೆಗೆದು, ಆ ಕಡೆ ಜರುಗು ಎಂದು ಕಣ್ಣಲ್ಲೇ ಹೇಳಿದ. ಅವಳು ಜರುಗಿದಳು. ಆರು ವರ್ಷದ ಮೇಲೆ ಸ್ಟೀರಿಂಗು ಅಂಗೈಗೆ ಬಿಸಿಯಾಗಿ ತಗುಲಿತು. ಅಪ್ಪ ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡ, ಬಗ್ಗಿ ಒಂದು ಚಪ್ಪಲಿ ಕಳಚಿದ, ಬಲಗಾಲನ್ನು ಎತ್ತಿ ಸೀಟಿನ ಮೇಲೆ ಮಡಚಿಕೊಂಡ.

"ಅಪ್ಪ, ಅದು ಎಂಟನೇ ದಿನಕ್ಕಲ್ವಾ? ಇದು ಮೊದಲ್ನೇ ದಿನ."

"ಇಪ್ಪತ್ತೆರಡ್ನೇ ದಿನ. ಹಾಜರಿ ಪುಸ್ತಕ ನಿಮ್ಮಮ್ಮನ ಹತ್ರ ಇದೆ, ಬೇಕಾದ್ರೆ ನೋಡು." ಅವನು ಕಿಟಕಿಯಾಚೆ ನೋಡತೊಡಗಿದ.

ಮೊದಲ ಸಲ ಇಂಜಿನ್ ಆರಿತು. ಅಪ್ಪ ಶಾಲೆಯ ಕಾಂಪೌಂಡು ಗೋಡೆಯನ್ನು ಅದರ ಇಟ್ಟಿಗೆಗಳನ್ನು ಎಣಿಸುವವನಂತೆ ನೋಡುತ್ತಿದ್ದ. ಎರಡನೇ ಸಲ ಕಾರು ಚಲಿಸಿತು. ಮೊದಲ ಗೇರು, ಎರಡನೆಯದು, ಮೂರನೆಯದು, ಅಂಗಡಿಗಳ ಬೀದಿ, ಆಚೆ ನೀರಿನ ಟ್ಯಾಂಕು. ತಿರುವಿನಲ್ಲಿ ಎದುರಿನಿಂದ ಒಂದು ಸೈಕಲ್ಲು ರಸ್ತೆಯ ನಟ್ಟನಡುವೆ ಅಡ್ಡಾದಿಡ್ಡಿ ಬಂತು. ಅವಳು ತನ್ನ ಬ್ರೇಕನ್ನು ಮೆಲ್ಲನೆ ಒತ್ತಿದಳು. ಪಕ್ಕಕ್ಕೆ ಒಂದೇ ಕ್ಷಣ ಕಣ್ಣು ಹೊರಳಿದಾಗ ಮಡಚಿದ ಕಾಲು ಮಡಚಿದ ಹಾಗೇ ಇತ್ತು. ಹೆಬ್ಬೆರಳು ಮಾತ್ರ ಸೀಟಿನ ರೆಕ್ಸಿನ್ನಿನಲ್ಲಿ ಹೂತು, ರಕ್ತವಿಳಿದು ಬೆಳ್ಳಗಾಗಿತ್ತು.

ಅವಳು ನೋಡದವಳಂತೆ ರಸ್ತೆಯ ಕಡೆ ತಿರುಗಿದಳು. ಸೈಕಲ್ಲು ದಾಟಿಹೋಯಿತು. ಅವಳು ಎರಡನೇ ಗೇರಿಗೆ ಇಳಿಸಿ, ಇಂಡಿಕೇಟರ್ ಹಾಕಿ, ಟ್ಯಾಂಕಿನ ತಿರುವನ್ನು ತಿರುಗಿಸಿದಳು.